ಮರಡಿಯ ಮೇಲೆ ನನ್ನ ವನವಾಸ

ಆಗ ನನಗೆ ಇಪ್ಪತ್ತಾರು ವರ್ಷ. ಐವತ್ತೈದು ವರ್ಷದ ಹಿಂದಿನ ಮಾತು. ಇಷ್ಟು ವರ್ಷದಲ್ಲಿ ನಮ್ಮೂರವರು ಬಹಳಷ್ಟು ಮರೆತಿದ್ದಾರೆ. ಪೊಲೀಸ್ ಆ್ಯಕ್ಷನ್ ಯಾವ ತಿಂಗಳಲ್ಲಿ ಆಯಿತು ಎಂದು ಇಬ್ಬರನ್ನು ಕೇಳಿದರೆ ಎರಡು ತಿಂಗಳು ಹೇಳುತ್ತಾರೆ. ಆದರೆ ಸಿದ್ದಮ್ಮ ಮನೆ ಬಿಟ್ಟು ವನವಾಸಕ್ಕೆ ಹೋದದ್ದು ಯಾವಾಗ ಎಂದು ಕೇಳಿ, ಊರೆಲ್ಲ ಒಂದೇ ದಿನ ಹೇಳುತ್ತದೆ. ಎಳ್ಳ ಅಮಾವಾಸ್ಯೆ. ಆ ಸಿದ್ದಮ್ಮ ನಾನೇ.

ನಮ್ಮದು ಕಾಸಾರಶಿರಸಿಯ ಹತ್ತಿರದ ಒಂದು ಹಳ್ಳಿ. ನನ್ನ ನಾದಿನಿಯನ್ನು ಉಮರ್ಗಾಕ್ಕೆ ಕೊಟ್ಟಿತ್ತು. ಅವಳ ಮಗುವನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ನಾನು, ನನ್ನ ಗಂಡ ಗಾಡಿ ಕಟ್ಟಿಕೊಂಡು ಹೋದೆವು. ಅಲ್ಲಿ ಬಜಾರದ ಹಿಂದಿನ ಬಯಲಿನಲ್ಲಿ ತಂಬು ಹೊಡೆದು ಸಿನಿಮಾ ತೋರಿಸುತ್ತಿದ್ದರು. ನನ್ನ ಗಂಡ ಗುರಪ್ಪನಿಗೆ ಹೊಟ್ಟೆ ತುಂಬ ಹೋಳಿಗೆ ಬಿದ್ದಿತ್ತು, ಮನಸ್ಸು ದೊಡ್ಡದಾಗಿತ್ತು. ‘ನಡಿ, ನೀನೂ ಒಮ್ಮಿ ನೋಡು’ ಅಂದ. ನಾನು ಹುಟ್ಟಿ ಅಂದಿನವರೆಗೆ ಸಿನಿಮಾ ನೋಡಿದವಳಲ್ಲ.

ತಂಬಿನ ನಡುವೆ ಒಂದು ಅರಿವೆಯ ಪರದೆ ಕಟ್ಟಿದ್ದರು. ಆ ಕಡೆ ಗಂಡಸರು, ಈ ಕಡೆ ನಾವು. ಸಿನಿಮಾ ಹಿಂದಿಯದು. ನನಗೆ ಕನ್ನಡ ಬರುತ್ತದೆ, ಮರಾಠಿ ಬರುತ್ತದೆ, ಹಿಂದಿ ಅರ್ಧ ಬರುತ್ತದೆ. ಉಳಿದರ್ಧವನ್ನು ಅವರವರ ಮುಖ ನೋಡಿ ತಿಳಿದುಕೊಂಡೆ.

ಒಬ್ಬ ಜಮೀನ್ದಾರ. ಅವನಿಗೆ ಏಳು ಅಂಕಣದ ವಾಡೆ, ಆನೆ, ಆಳುಕಾಳು, ಚಂದದ ಹೆಂಡತಿ. ಒಂದು ದಿನ ಊಟಕ್ಕೆ ಕೂತವನು ತಟ್ಟೆ ಸರಿಸಿ ‘ಇದೆಲ್ಲ ಯಾತಕ್ಕೆ?’ ಅನ್ನುತ್ತಾನೆ. ಎದ್ದವನೇ ಕೈ ಕೂಡ ತೊಳೆಯದೆ ಕಾಡಿಗೆ ನಡೆದುಬಿಡುತ್ತಾನೆ. ಕಾಡೆಂದರೆ ಕಾಡು. ಅಬ್ಬಿಯ ನೀರು, ಜಿಂಕೆ, ನವಿಲು. ಒಂದು ಹಾಡು ಮುಗಿಯುವುದರೊಳಗೆ ಗಡ್ಡ ಎದೆಗೆ ಬಂತು. ಅವನು ಏನೋ ಹುಡುಕುತ್ತಿದ್ದ. ಏನು ಹುಡುಕುತ್ತಿದ್ದೇನೆಂದು ಅವನಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಕೊನೆಗೆ ಒಂದು ಗವಿಯ ಬಾಯಿಗೆ ಬಂದು ನಿಂತ. ಒಳಗಿನಿಂದ ಅವನ ಮುಖದ ಮೇಲೆ ಬೆಳಕು ಬಿತ್ತು. ಕಣ್ಣು ಅಗಲವಾದವು. ಸಿಕ್ಕಿತು ಎಂದು ಹೇಳಲು ಬಾಯಿ ತೆರೆದ.

ತಂಬಿನ ಹೊರಗೆ ಇಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು.

ಕತ್ತಲಲ್ಲಿ ಸಿನಿಮಾದವನು ಕಂದೀಲು ಹಿಡಿದು ಬಂದು ಸಾರಿದ. ಇಂಜಿನ್ನಿನ ಸಾಮಾನು ಸೋಲಾಪುರದಿಂದ ಬರಬೇಕು. ಇದೇ ಚೀಟಿ ಮತ್ತೆ ನಡೆಯುತ್ತದೆ. ಎಳ್ಳ ಅಮಾವಾಸ್ಯೆಯ ನಂತರ ಎರಡು ದಿನ ಇರುತ್ತೇವೆ, ಆಮೇಲೆ ತಂಬು ಉದಗೀರಕ್ಕೆ ಹೋಗುತ್ತದೆ. ನನ್ನ ಗಂಡ ಚೀಟಿಗಳನ್ನು ಮಡಚಿ ಟೊಪ್ಪಿಗೆಯೊಳಗೆ ಇಟ್ಟುಕೊಂಡ. ಮರುದಿನ ನಾವು ಊರಿಗೆ ಹೊರಡಲೇಬೇಕಿತ್ತು, ಎಮ್ಮೆ ನನ್ನ ಕೈಗಲ್ಲದೆ ಬೇರೆಯವರ ಕೈಗೆ ಹಾಲು ಕೊಡುತ್ತಿರಲಿಲ್ಲ.

ಗಾಡಿಯಲ್ಲಿ ಉದ್ದಕ್ಕೂ ನನಗೆ ಒಂದೇ ಯೋಚನೆ.

‘ಏನ್ ಸಿಕ್ಕಿರಬೇಕ್ರಿ ಅವಗ?’

‘ಗವ್ಯಾಗ ಏನ್ ಸಿಗ್ತದ? ಬಾವಲಿ ಸಿಕ್ಕಿರ್ತಾವ.’

‘ಬಾವಲಿ ನೋಡಿ ಹಂಗ ಕಣ್ಣ ಅರಳಸ್ತಾರೇನ್ರಿ?’

‘ಮಾರಿ ಮ್ಯಾಲ ಬಂದ್ರ ಅರಳಸ್ತಾರ.’

ಊರಿಗೆ ಬಂದ ಮೇಲೂ ನಾನು ಬಿಡಲಿಲ್ಲ. ರೊಟ್ಟಿ ತಟ್ಟುವಾಗ ಕೇಳಿದೆ, ಸೆಗಣಿ ಬಳಿಯುವಾಗ ಕೇಳಿದೆ. ಎಲ್ಲ ಇದ್ದವನು ಎಲ್ಲ ಬಿಟ್ಟು ಹೋಗಿ ಕಂಡದ್ದಾದರೂ ಏನು? ತಿಳಿಯದಿದ್ದರೆ ನನ್ನ ಜೀವಕ್ಕೆ ಸಮಾಧಾನವಿಲ್ಲ. ಎಂಟು ದಿನಕ್ಕೆ ನನ್ನ ಗಂಡ ಸೋತು ಒಂದು ಮಾತು ಹಾಕಿದ.

‘ನೋಡ, ಅಂವಾ ಕಾಡಿಗಿ ಹೋಗಿ ಏನ್ ಮಾಡಿದಾ? ಬಾಯಿ ಮುಚ್ಚಿ ಕುಂತಾ. ನೀನೂ ಒಂದ ದಿನ ಹಂಗ ಕುಂತ ತೋರ್ಸು. ಹೊತ್ತು ಹುಟ್ಟದ್ರಿಂದ ಹೊತ್ತು ಮುಣಗೋತನ ಯಾರ ಕೂಡಾನೂ ಒಂದ ಮಾತ ಆಡಬಾರ್ದು. ಆಡಲಿಲ್ಲಂದ್ರ ಉಮರ್ಗಾಕ್ಕ ಕರ್ಕೊಂಡ ಹೋಗಿ ಉಳದದ್ದು ತೋರಸ್ತೀನಿ. ಆಡಿದಿ ಅಂದ್ರ, ಈ ಮನ್ಯಾಗ ಮತ್ತ ಸಿನಿಮಾದ ಹೆಸರ ಎತ್ತಬಾರ್ದು.’

‘ಆತ್ರಿ’ ಅಂದೆ. ಅವನು ನಕ್ಕ. ಆ ನಗು ನನಗೆ ಸೇರಲಿಲ್ಲ.

ಈಗ ಎರಡು ವಿಷಯ ಗೊತ್ತುಮಾಡಬೇಕಿತ್ತು. ಯಾವ ಕಾಡು, ಯಾವ ದಿನ.

ನಿಲಂಗಾ ಸೀಮೆಯಲ್ಲಿ ಕಾಡು ಹುಡುಕಲು ಹೋದವರಿಗೆ ಜಾಲಿಗಿಡ ಸಿಗುತ್ತದೆ. ಜಿಂಕೆಯ ಬದಲು ಆಡು ಸಿಗುತ್ತದೆ. ಬಹಳ ವಿಚಾರ ಮಾಡಿ ನಾನು ಊರಾಚೆಯ ಮರಡಿಯನ್ನು ಆರಿಸಿದೆ. ಸುತ್ತ ಮೂರು ಊರಿನ ಕರಿ ಹೊಲ, ನಡುವೆ ಕೆಂಪು ಕಲ್ಲಿನ ದಿನ್ನೆ. ಮೇಲೆ ಒಂದೇ ಒಂದು ಬೇವಿನ ಮರ. ಬಿತ್ತಿದರೆ ಬೆಳೆಯದು, ಅಗೆದರೆ ನೀರು ಬಾರದು. ಅಂಥ ಕಡೆ ಯಾವ ನರಮನುಷ್ಯ ಬರುತ್ತಾನೆ?

ದಿನಕ್ಕೆ ಎಳ್ಳ ಅಮಾವಾಸ್ಯೆಯನ್ನು ಆರಿಸಿದೆ. ನನ್ನ ವಿಚಾರ ಎಷ್ಟು ಪಕ್ಕಾ ಇತ್ತೆಂದರೆ ಈಗಲೂ ಅದರಲ್ಲಿ ತಪ್ಪು ಹುಡುಕುವುದು ಕಷ್ಟ. ಅಂದು ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ಅಡಿಗೆ ಹಿಂದಿನ ದಿನವೇ ಆಗಿರುತ್ತದೆ. ಮನೆಗೆ ಬೀಗ ಹಾಕಿ ಊರಿಗೆ ಊರೇ ತಮ್ಮ ತಮ್ಮ ಹೊಲಕ್ಕೆ ಹೋಗಿ, ಐದು ಕಲ್ಲಿಗೆ ಸುಣ್ಣ ಹಚ್ಚಿ ಪೂಜೆ ಮಾಡಿ, ಎಡೆಯ ತುತ್ತನ್ನು ಚರಗವೆಂದು ಬೆಳೆಗೆ ಚೆಲ್ಲಿ, ಅಲ್ಲೇ ಉಣ್ಣುತ್ತದೆ. ಎಲ್ಲರೂ ಹೊಲದಲ್ಲಿ. ಮರಡಿ ಹೊಲವಲ್ಲ. ಆದ್ದರಿಂದ ಮರಡಿಯ ಮೇಲೆ ಯಾರೂ ಇಲ್ಲ.

ಹಿಂದಿನ ದಿನ ನಾನೇ ಕೂತು ಭಜ್ಜಿ ಮಾಡಿದೆ. ಹಸಿ ತೊಗರಿ, ಅವರೆ, ಕಡಲೆ, ಮೆಂತೆ, ಬದನೆಕಾಯಿ, ಎಲ್ಲ ಬೇಯಿಸಿ ಹಿಟ್ಟು ಕಲಸಿ ಹುಣಸೆ ಹಿಂಡಿದ ಪಲ್ಯ ಅದು. ಸಜ್ಜೆ ರೊಟ್ಟಿ ತಟ್ಟಿ ಗುಡ್ಡೆ ಹಾಕಿದೆ. ಗಡಿಗೆಯಲ್ಲಿ ಅಂಬಲಿ ಹುಳಿಗೆ ಇಟ್ಟೆ. ಬೆಳಗಿನ ಜಾವ ಸ್ನಾನ, ಲಿಂಗಪೂಜೆ ಮುಗಿಸಿ, ಎಮ್ಮೆ ಹಿಂಡಿ, ಒಂದು ತಂಬಿಗೆ ನೀರು ಹಿಡಿದು ಹೊರಟೆ. ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ವನವಾಸ ಅಂಗಳದಲ್ಲೇ ಮುಗಿಯುತ್ತಿತ್ತು. ಹಬ್ಬದ ದಿನ ಹಳೆಯದನ್ನು ಉಡಬಾರದೆಂದು ಕೆಂಪು ಇಳಕಲ್ ಸೀರೆ ಉಟ್ಟಿದ್ದೆ.

ಹೊತ್ತು ಹುಟ್ಟುವಾಗ ಬೇವಿನ ಬುಡದಲ್ಲಿ ಕೂತೆ. ಕಾಲು ಮಡಚಿ, ಬೆನ್ನು ನೆಟ್ಟಗೆ ಮಾಡಿ, ಆ ಜಮೀನ್ದಾರನ ಹಾಗೆಯೇ.

ಮೊದಲು ಚೆನ್ನಾಗಿತ್ತು, ಸುಳ್ಳು ಹೇಳುವುದಿಲ್ಲ. ನಮ್ಮೂರನ್ನು ನಾನು ಮೇಲಿನಿಂದ ಎಂದೂ ನೋಡಿರಲಿಲ್ಲ. ಕೈ ಚಾಚಿ ಅಂಗೈ ಅಡ್ಡ ಹಿಡಿದೆ. ಊರು ಪೂರಾ ಮುಚ್ಚಿಹೋಯಿತು. ಮನೆ ಮುಚ್ಚಿತು, ಎಮ್ಮೆ ಮುಚ್ಚಿತು, ಅತ್ತೆಯೂ ಮುಚ್ಚಿಹೋದಳು. ಹಿತವಾಗಿತ್ತು. ಅವನಿಗೆ ಸಿಕ್ಕದ್ದು ಇದೇ ಇರಬಹುದೇ ಎಂದು ಅನಿಸಿತು. ಇನ್ನೂ ಸ್ವಲ್ಪ ಹೊತ್ತು ಕೂತರೆ ಉಳಿದದ್ದೂ ತಿಳಿದೀತು ಎಂದು ಕಣ್ಣು ಮುಚ್ಚಿದೆ. ಆಗ ತಿಳಿದದ್ದು, ಭಜ್ಜಿಯ ಗಡಿಗೆಯ ಮೇಲೆ ಮುಚ್ಚಳ ಇಟ್ಟೆನೋ ಇಲ್ಲವೋ ಎಂಬುದು. ಬೆಕ್ಕಿನ ನೆನಪಾಯಿತು. ಆಮೇಲೆ ಒಂದು ತಾಸು ನಾನು ದೇಹದಿಂದ ಮಾತ್ರ ಮರಡಿಯ ಮೇಲಿದ್ದೆ.

ಅಷ್ಟರಲ್ಲಿ ಕುರಿ ಬಂದವು. ನೂರಾರು. ಹಿಂದೆ ಅವುಗಳ ಒಡತಿ ಲಗಮವ್ವ. ಕುರುಬರ ದೇವರು ಬೀರಪ್ಪನ ಒಕ್ಕಲು. ಹೊಲವಿಲ್ಲದ ಕುರಿಯವರು ಹಬ್ಬದ ದಿನ ಮರಡಿಯ ಮೇಲೆಯೇ ಇರುತ್ತಾರೆ ಎಂಬುದನ್ನು ನಾನು ವಿಚಾರದಲ್ಲಿ ತೆಗೆದುಕೊಂಡಿರಲಿಲ್ಲ.

‘ಯಾರ ಯವ್ವಾ ನೀ? ಹಬ್ಬದ ದಿನ ಒಬ್ಬಾಕಿನೇ ಕುಂತಿದಿ?’

ನಾನು ಸುಮ್ಮನಿದ್ದೆ.

‘ಯಾವೂರು?’

ಸುಮ್ಮನಿದ್ದೆ.

‘ಗಂಡ ಹೊಡದಾನೇನು?’

ಇಲ್ಲ ಎಂದು ತಲೆಯಾಡಿಸಿದೆ.

‘ಅತ್ತಿ ಹೊಡದಾಳೇನು?’

ಮತ್ತೆ ತಲೆಯಾಡಿಸಿದೆ. ಆಮೇಲೆ, ನಾನಿಂದು ಮೌನ, ಹೊತ್ತು ಮುಳುಗಿದ ಮೇಲೆ ಮಾತಾಡುತ್ತೇನೆ ಎಂದು ತಿಳಿಸಲು ಬಾಯಿ ಮುಟ್ಟಿಕೊಂಡು ಸೂರ್ಯನ ಕಡೆ ಕೈ ತೋರಿಸಿದೆ. ಲಗಮವ್ವ ಎದೆ ಮೇಲೆ ಕೈ ಇಟ್ಟುಕೊಂಡಳು.

‘ಅಯ್ಯ ನನ್ನವ್ವಾ, ನಿನ್ನಿ ಹೊತ್ತಿನಿಂದ ಬಾಯಿಗಿ ಏನೂ ಬಿದ್ದಿಲ್ಲೇನು?’

ಕಂಬಳಿಯ ಗಂಟಿನಿಂದ ರೊಟ್ಟಿ ತೆಗೆದಳು, ಕುಡಿಕೆಯಿಂದ ಅಂಬಲಿ ಸುರಿದಳು. ಈ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಎಳ್ಳ ಅಮಾವಾಸ್ಯೆಯ ದಿನ ಕಣ್ಣಿಗೆ ಬಿದ್ದವರನ್ನು ಉಣ್ಣಲು ಕರೆಯದಿದ್ದರೆ ಪಾಪ. ಕರೆದಾಗ ಉಣ್ಣದಿದ್ದರೆ ಜಗಳ. ಉಣ್ಣುವುದೇನು ಮಾತಾಡಿದಂತಲ್ಲ ಎಂದು ನಾನು ಉಂಡೆ. ಗಬಗಬ ಉಂಡೆ, ಬೇಗ ಹೋಗಲಿ ಎಂದು. ಅದನ್ನು ನೋಡಿ ಅವಳ ಕಣ್ಣಲ್ಲಿ ನೀರು ಬಂತು. ಎದ್ದು ನಿಂತು, ಮರಡಿಯ ಅಂಚಿಗೆ ಹೋಗಿ ಕೆಳಗೆ ಕೂಗಿದಳು. ಕುರಿ ಕರೆಯುವ ದನಿ ಅದು.

‘ಯಾರರೇ ಬರ್ರೋ... ಯಾರದೋ ಸೊಸಿಗಿ ಉಪಾಸ ಕೆಡವಿ ಮನಿ ಬಿಡಿಸ್ಯಾರ್ರೋ...’

ನನ್ನ ತಪ್ಪು ನನಗೆ ಆಗ ಕಂಡಿತು. ಬೇರೆ ಯಾವ ದಿನವಾದರೂ ಹೊಲದಲ್ಲಿ ನಾಲ್ಕು ಜನ, ಅವರೂ ತಲೆ ತಗ್ಗಿಸಿ ಕೆಲಸ ಮಾಡುವವರು. ಇಂದು ಮೂರು ಊರಿನ ಜನ ಹೊಲದಲ್ಲಿದ್ದರು. ಯಾರಿಗೂ ಕೆಲಸವಿರಲಿಲ್ಲ. ಎಲ್ಲರೂ ತಲೆ ಎತ್ತಿ ನೋಡಿದರು. ಸುತ್ತಿನಲ್ಲೆಲ್ಲ ಎತ್ತರದ ಜಾಗ ಅದು, ನಡುವೆ ಒಂದೇ ಮರ, ಕೆಳಗೆ ಕೆಂಪು ಸೀರೆ. ಸಮಾಜವನ್ನು ಬಿಟ್ಟು ಬಂದ ನಾನು ಸಮಾಜದ ನಟ್ಟನಡುವೆ ಬಾವುಟ ಹಾರಿಸಿದಂತೆ ಕೂತಿದ್ದೆ.

ಮೊದಲು ಪಕ್ಕದ ಊರಿನ ಮೂವರು ಹೆಂಗಸರು ಬಂದರು, ಕೈಯಲ್ಲಿ ಅಂಬಲಿ. ಕುಡಿದೆ. ಬಳಿಕ ಒಬ್ಬ ಮುದುಕ ಬಂದ, ಸಜ್ಜೆ ಕಡಬು. ತಿಂದೆ. ಆಮೇಲೆ ಮರಾಠಿ ಮಾತಿನ ಒಂದು ಕುಟುಂಬ. ‘ಕಾಯ್ ಝಾಲಂ ಗಂ ಬಾಯಿ? ಬೋಲ್ ನಾ’ ಎಂದು ಆ ಮನೆಯ ಅಜ್ಜಿ ಗದ್ದ ಹಿಡಿದು, ಏನಾಯಿತು ಮಾತಾಡು ಎಂದು ಕೇಳಿದಳು. ಎರಡು ಭಾಷೆಯಲ್ಲಿ ಮೌನವಾಗಿರುವುದು ಒಂದರಲ್ಲಿ ಇರುವುದಕ್ಕಿಂತ ಕಷ್ಟ. ಅವಳ ಅಂಬಲಿಯನ್ನೂ ಕುಡಿದೆ. ಸಿನಿಮಾದ ಜಮೀನ್ದಾರ ಕಾಡಿನಲ್ಲಿ ಎಲೆ ತಿಂದು ಸೊರಗಿದ್ದ. ನಾನು ಮಧ್ಯಾಹ್ನದ ಹೊತ್ತಿಗೆ ಮರಕ್ಕೆ ಒರಗದೆ ಕೂರಲಾರದ ಸ್ಥಿತಿಗೆ ಬಂದಿದ್ದೆ.

ಅಷ್ಟರಲ್ಲಿ ನಮ್ಮೂರ ಪಾಟೀಲರು ಕೋಲು ಊರಿಕೊಂಡು ಮೇಲೆ ಬಂದರು. ಬಂದವರೇ ಗುರುತು ಹಿಡಿದರು.

‘ಇದು ನಮ್ಮ ಗುರಪ್ಪನ ಹೆಂಡ್ತಿ ಅಲಾ? ಕರೀರಿ ಅವಗ.’

ನನ್ನ ಗಂಡ ಚರಗದ ಬಟ್ಟಲು ಕೈಯಲ್ಲಿ ಹಿಡಿದೇ ಓಡಿ ಬಂದ. ಸುತ್ತ ಐವತ್ತು ಜನ, ನಡುವೆ ನಾನು. ಅವನ ಮುಖ ನೋಡಿದರೆ ಇಂಜಿನ್ನು ನಿಂತ ತಂಬಿನ ಹಾಗಿತ್ತು.

‘ಹಬ್ಬದ ದಿನ ಹೆಣ್ಣಮಗಳಿಗಿ ಉಪಾಸ ಹೊರಗ ಹಾಕಿದೇನೋ?’ ಪಾಟೀಲರು ಕೇಳಿದರು.

‘ನಾ ಯಾಕ ಹಾಕ್ಲಿರಿ? ಸಿನಿಮಾದ ಸಲವಾಗಿ ಕುಂತಾಳ್ರಿ.’

‘ಏನಂದಿ?’

‘ಮಾತಾಡದ ಕುಂತ್ರ ಸಿನಿಮಾಕ್ಕ ಕರ್ಕೊಂಡ ಹೋಗ್ತೀನಿ ಅಂದಿದ್ದೆರಿ.’

ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖರೆ ಮಾತು ಇಷ್ಟು ಸುಳ್ಳಿನ ಹಾಗೆ ಕೇಳಿಸಿದ್ದನ್ನು ನಾನು ಮತ್ತೆಂದೂ ಕಂಡಿಲ್ಲ.

‘ಸುಳ್ಳ ಹೇಳೋದಾದ್ರ ನಂಬೂ ಹಂಗ ಹೇಳಪ್ಪಾ’ ಅಂದಳು ಲಗಮವ್ವ. ‘ಮುಂಜಾನಿಂದ ಆಕಿ ಎಷ್ಟ ಉಂಡಾಳ ಗೊತ್ತದೇನು? ಉಂಡಾಕಿ ಹಂಗ ಉಣ್ತಾಳೇನು?’

ನನ್ನ ಗಂಡ ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕೂತ. ‘ನೀನೇ ಹೇಳ. ನಾ ಹೊಡದೀನೇನು?’

ಇಲ್ಲ ಎಂದು ಜೋರಾಗಿ ತಲೆಯಾಡಿಸಿದೆ.

‘ನೋಡ್ರಿ, ಎಷ್ಟ ಅಂಜ್ಯಾಳ’ ಅಂದಳು ಲಗಮವ್ವ.

ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು. ಆಡಬೇಕಿತ್ತು. ಮದುವೆಯಾಗಿ ಹತ್ತು ವರ್ಷದಲ್ಲಿ ನನಗೆ ಒಂದು ಏಟು ಹೊಡೆದವನಲ್ಲ ಅವನು. ಆದರೆ ಆ ಗವಿ ಕಣ್ಣಮುಂದೆ ಬಂತು, ಆ ಬೆಳಕು ಬಂತು, ತೆರೆದ ಬಾಯಿ ಬಂತು. ಸೂರ್ಯನನ್ನು ನೋಡಿದೆ, ಆಗಲೇ ಪಡುವಣಕ್ಕೆ ವಾಲಿದ್ದ. ಇಷ್ಟು ಬೈಸಿಕೊಂಡವನು ಇನ್ನೆರಡು ತಾಸು ಬೈಸಿಕೊಂಡರೆ ಸವೆಯುವುದಿಲ್ಲ ಎಂದು ತುಟಿ ಬಿಗಿಹಿಡಿದೆ. ನನಗೆ ಅದರ ನಾಚಿಕೆ ಈಗ ಆಗುತ್ತದೆ. ಆಗ ಆಗಲಿಲ್ಲ.

ಪಾಟೀಲರು ನ್ಯಾಯ ಹೇಳಿದರು. ಗುರಪ್ಪನ ಮನೆಯವರು ತಮ್ಮ ಹೊಲದ ಊಟವನ್ನು ಇಲ್ಲಿಗೇ ತರಬೇಕು. ಗುರಪ್ಪ ಎಲ್ಲರ ಮುಂದೆ ಹೆಂಡತಿಗೆ ಮೊದಲ ತುತ್ತು ತಿನ್ನಿಸಬೇಕು. ಆಮೇಲೆ ಕೂಡಿದವರೆಲ್ಲ ಅಲ್ಲೇ ಉಣ್ಣಬೇಕು. ಊಟ ತರಲು ಆಳು ಓಡಿದ.

ಅತ್ತೆ ನಾಗಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಮುಖ ಆ ಬುಟ್ಟಿಗಿಂತ ದೊಡ್ಡದು. ಹಿಂದೆ ನನ್ನ ಮೈದುನನ ಹೆಂಡತಿ ಕಾಶಮ್ಮ, ಭಜ್ಜಿಯ ಗಡಿಗೆ ಹೊತ್ತು. ಗಡಿಗೆಯ ಮೇಲೆ ಮುಚ್ಚಳ ಇತ್ತು. ನನಗೆ ಎಷ್ಟೋ ಸಮಾಧಾನವಾಯಿತು.

ನನ್ನ ಗಂಡ ತುತ್ತು ಕಲಸಿದ. ಐವತ್ತು ಜನ ನೋಡುತ್ತಿದ್ದರು. ಅವನ ಕಿವಿ ಕೆಂಪಾಗಿತ್ತು. ನನ್ನ ಹೊಟ್ಟೆಯಲ್ಲಿ ಒಂದು ಕಾಳಿಗೂ ಜಾಗವಿರಲಿಲ್ಲ. ಬಾಯಿ ತೆರೆದೆ, ಅವನು ಇಟ್ಟ, ನಾನು ನುಂಗಿದೆ. ಜನ ‘ಆತು, ಆತು’ ಎಂದು ಸಂತೋಷಪಟ್ಟರು. ಹೊತ್ತು ಮುಳುಗಲು ಇನ್ನು ಸ್ವಲ್ಪವೇ ಇತ್ತು. ನಾನು ಮನಸ್ಸಿನಲ್ಲಿ ಆಗಲೇ ಉಮರ್ಗಾದ ತಂಬಿನಲ್ಲಿ ಕೂತಿದ್ದೆ.

ಎಲ್ಲರೂ ಉಣ್ಣಲು ಕೂತರು. ಪಾಟೀಲರು ಭಜ್ಜಿ ಹಚ್ಚಿಕೊಂಡು ಒಂದು ತುತ್ತು ತಿಂದರು. ಕೈ ತಡೆದರು. ಇನ್ನೊಂದು ತಿಂದರು.

‘ನಾಗಮ್ಮಾ, ಈ ಭಜ್ಜಿ ಯಾರ ಮಾಡ್ಯಾರ? ಐವತ್ತ ಅಮಾಸಿ ಉಂಡೀನಿ, ಹಿಂಥಾದ್ದು ಉಂಡಿಲ್ಲ.’

ನನ್ನ ಅತ್ತೆ ನನ್ನ ಕಡೆ ಒಂದು ಸಲ ನೋಡಿದಳು. ಆಮೇಲೆ ಪಾಟೀಲರ ಕಡೆ ತಿರುಗಿದಳು.

‘ನಮ್ಮ ಸಣ್ಣ ಸೊಸಿ ಮಾಡ್ಯಾಳ್ರಿ. ದೊಡ್ಡಾಕಿಗಿ ಮನ್ಯಾಗ ಎಲ್ಲಿ ಲಕ್ಷ್ಯ ಅದ? ಮರಡಿ ಹತ್ತಿ ಕೂಡ್ತಾಳ.’

ಕಾಶಮ್ಮ ಇಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಸೆರಗನ್ನು ಹಣೆಯ ತನಕ ಎಳೆದುಕೊಂಡು, ನಾಚಿದವಳ ಹಾಗೆ ನೆಲ ನೋಡಿದಳು.

‘ಆ ಭಜ್ಜಿ ನಾ ಮಾಡೀನಿ.’

ಯಾರೋ ಅಂದರು. ಯಾರೆಂದು ನಾನೂ ನೋಡಿದೆ. ನಾನೇ. ಒಮ್ಮೆ ಬಾಯಿ ಬಿಟ್ಟ ಮೇಲೆ ಮುಂಜಾನೆಯಿಂದ ಒಳಗೆ ತಡೆದದ್ದೆಲ್ಲ ಒಟ್ಟಿಗೆ ಬಂತು.

‘ತೊಗರಿ ಬಿಡಿಸಿದಾಕಿ ನಾ. ಹುಣಸಿ ಹಿಂಡಿದಾಕಿ ನಾ. ಹಿಟ್ಟ ಗಂಟ ಕಟ್ಟದಂಗ ತಾಸಗಟ್ಲೆ ತಿರುವಿದಾಕಿ ನಾ. ಈಕಿ ಏನ್ ಮಾಡ್ಯಾಳ ಕೇಳ್ರಿ. ಒಲಿ ಮುಂದ ಕುಂತ ತೂಕಡಿಸಿ ಸೆರಗ ಸುಟ್ಟಕೊಂಡಾಳ. ನೋಡ್ರಿ, ಮನಿಗಿ ಹೋಗಿ ಆ ಸೀರಿ ನೋಡ್ರಿ, ತೂತ ಇನ್ನಾ ಅದ.’

ಮರಡಿಯ ಮೇಲೆ ಕುರಿ ಕೂಡ ಮೇಯುವುದು ಬಿಟ್ಟವು. ಲಗಮವ್ವನ ಕೈಯಲ್ಲಿದ್ದ ರೊಟ್ಟಿ ಕೆಳಗೆ ಬಿತ್ತು.

‘ಯವ್ವಾ, ನಿನಗ ಮಾತ ಬರ್ತದ?’

ನನ್ನ ಗಂಡ ಎದ್ದು ನಿಂತು, ಧೋತರ ಝಾಡಿಸಿಕೊಂಡು, ಪಡುವಣಕ್ಕೆ ಕೈ ಚಾಚಿ ಬೆರಳು ಅಡ್ಡ ಹಿಡಿದು ಹೊತ್ತು ಅಳೆದ.

‘ಇನ್ನಾ ಎರಡ ಬೆರಳ ಅದ’ ಅಂದ.

ಎರಡು ಬೆರಳು. ಹಸಿವಿಗೆ ಬಗ್ಗಲಿಲ್ಲ, ಯಾಕೆಂದರೆ ಹಸಿವೇ ಆಗಲಿಲ್ಲ. ಗಂಡನ ಮಾನ ಹೋಗುವಾಗ ಬಗ್ಗಲಿಲ್ಲ. ಆ ಜಮೀನ್ದಾರ ಆನೆ ಬಿಟ್ಟ, ವಾಡೆ ಬಿಟ್ಟ, ಹೆಂಡತಿಯನ್ನು ಬಿಟ್ಟ. ನನ್ನಿಂದ ಒಂದು ಗಡಿಗೆ ಪಲ್ಯ ಬಿಡಲಾಗಲಿಲ್ಲ.

ನನ್ನ ಗಂಡ ಖರೆ ಹೇಳಿದ್ದ ಎಂದು ಜನಕ್ಕೆ ಈಗ ತಿಳಿಯಿತು. ನಗು ಎದ್ದಿತು ನೋಡಿ, ಅದು ಮೂರು ಊರಿಗೂ ಇಳಿದು ಹೋಯಿತು. ಪಾಟೀಲರು ನಗುತ್ತ ನಗುತ್ತ ಮತ್ತೊಮ್ಮೆ ಭಜ್ಜಿ ಹಾಕಿಸಿಕೊಂಡರು. ಲಗಮವ್ವ ಮಾತ್ರ ನಗಲಿಲ್ಲ. ತನ್ನ ಕಂಬಳಿ ಝಾಡಿಸಿ ಹೆಗಲಿಗೆ ಹಾಕಿಕೊಂಡು, ‘ನನ್ನ ಎರಡ ರೊಟ್ಟಿ ತಿಂದ್ಯಲ್ಲಾ’ ಎಂದು ಹೇಳಿ ಕುರಿ ಹೊಡೆದುಕೊಂಡು ಹೋದಳು.

ಇಳಿಯುವಾಗ ನನ್ನ ಗಂಡ ಮುಂದೆ, ನಾನು ಹಿಂದೆ. ಕೆಳಗೆ ಮುಟ್ಟುವಾಗ ತಿರುಗಿ ಒಂದೇ ಮಾತು ಕೇಳಿದ.

‘ಏನರೇ ಸಿಕ್ಕಿತಾ?’

‘ಇಲ್ರಿ.’

‘ಅವಗೂ ಸಿಕ್ಕಿರಲಿಕ್ಕಿಲ್ಲ ಬಿಡು’ ಅಂದ.

ಆಡಿದ ಮಾತಿಗೆ ತಪ್ಪುವವನಲ್ಲ. ಉಮರ್ಗಾಕ್ಕೆ ಕರೆದುಕೊಂಡು ಹೋಗಲಿಲ್ಲ. ಮೂರು ಊರಿನ ಮುಂದೆ ಬೈಸಿಕೊಂಡವನ ಹತ್ತಿರ ಕೇಳುವ ಮುಖ ನನಗೂ ಇರಲಿಲ್ಲ. ತಂಬು ಉದಗೀರಕ್ಕೆ ಹೋಯಿತು, ಅಲ್ಲಿಂದ ಎಲ್ಲಿಗೋ ಹೋಯಿತು. ಅವನಿಗೆ ಗವಿಯಲ್ಲಿ ಏನು ಸಿಕ್ಕಿತೆಂದು ನನಗೆ ಇಂದಿಗೂ ಗೊತ್ತಿಲ್ಲ.

ಅಮಾವಾಸ್ಯೆಯ ಮರುದಿನ ಬೆಳಿಗ್ಗೆ ನೀರಿಗೆ ಹೋದೆ. ಬಾವಿಕಟ್ಟೆಯ ಮೇಲೆ ಹೆಂಗಸರು ಕೊಡ ಇಟ್ಟು ನನಗಾಗಿಯೇ ಕಾದಿದ್ದರು. ನಗಲು ಕಾದಿದ್ದಾರೆ ಎಂದುಕೊಂಡೆ. ಅವರು ಕೇಳಿದ್ದು ಬೇರೆ.

‘ಸಿದ್ದವ್ವಾ, ಅಷ್ಟ ಮಾಡಿದಿ ಅಂದ ಮ್ಯಾಲ ಆ ಸಿನಿಮಾದಾಗ ಏನಿತ್ತ ಹೇಳ ನಮಗ.’

ಹೇಳಿದೆ. ವಾಡೆ ಹೇಳಿದೆ, ಆನೆ ಹೇಳಿದೆ, ಕೈ ತೊಳೆಯದೆ ಎದ್ದುಹೋದದ್ದು ಹೇಳಿದೆ, ಗಡ್ಡ ಬೆಳೆಸಿದೆ, ಗವಿಯ ತನಕ ಅವರನ್ನು ಕರೆದುಕೊಂಡು ಬಂದೆ. ಅವನು ಬಾಯಿ ತೆರೆದ ಕಡೆ ನನ್ನ ಬಾಯಿ ನಿಂತಿತು. ಹಗ್ಗ ಹಿಡಿದವಳು ಹಗ್ಗ ಬಿಟ್ಟು ಕೇಳಿದಳು.

‘ಮುಂದ? ಏನಂದಾ?’

‘ಏನೂ ಅನಲಿಲ್ಲ’ ಅಂದೆ. ‘ಹೊತ್ತು ಮುಣಗೋತನ ಹಂಗೇ ಕುಂತಾ. ಒಂದ ಮಾತ ಆಡಲೇ ಇಲ್ಲ.’

ನನ್ನಿಂದ ಆಗದ್ದನ್ನು ಯಾರಾದರೂ ಒಬ್ಬರು ಮಾಡಿ ಮುಗಿಸಬೇಕಿತ್ತು. ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಮನೆಗೆ ಬಂದೆ.